ಹಾಸಿನಗುಂಟ ನಡೆದ ಬಾಬಣ್ಣ

ಯಾವುದರಿಂದ ಇಳಿಯಿತು? ಈ ಪ್ರಶ್ನೆಗೆ ಕಲ್ಪನಾ ಉತ್ತರ ಕೊಡಲಾರದೆ ಹೋದಳು. ಕೇಳಿದವರು ಬಣ್ಣದ ನೂಲಿನ ವ್ಯಾಪಾರಿ ಉಸ್ಮಾನಸಾಬರು. ಕೇಳಿದ್ದು ಅವಳ ಮಾವ ಬಾಬಣ್ಣನವರ ರಕ್ತದಲ್ಲಿದ್ದ ಕೊಬ್ಬಿನ ವಿಷಯ.

"ಅಕ್ಕೋರ, ನಿಮ್ಮ ಮಾವ ಗುಳಿಗಿ ನುಂಗ್ಯಾನ, ಸಕ್ಕರಿ ಬಿಟ್ಟಾನ, ನಡದಾನ. ಮೂರರಾಗ ಯಾವದರಿಂದ ಇಳೀತು ಹೇಳ್ರಿ. ಅದೊಂದ ನಾನೂ ಮಾಡ್ತೀನಿ. ಉಳಿದೆರಡು ಅವನ ಇಟ್ಕೊಳ್ಳಲಿ."

ಕಲ್ಪನಾ ಬೆಟಗೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಒಂದೇ ಕಾಲಕ್ಕೆ ಮೂರು ಸಂಗತಿಗಳನ್ನು ಬದಲಿಸಿದರೆ ಯಾವುದರ ಫಲ ಯಾವುದೆಂದು ಹೇಳಲು ಬರುವುದಿಲ್ಲ ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುವವಳು ಅವಳೇ. ಅದನ್ನೇ ಉಸ್ಮಾನಸಾಬರಿಗೂ ಹೇಳಿದಳು. ಅವರು ಒಪ್ಪಲಿಲ್ಲ. "ಇಷ್ಟ ಓದಿ ಇಷ್ಟೂ ಗೊತ್ತಿಲ್ಲಂದ್ರ ಹೆಂಗ್ರಿ?" ಎಂದು ನಕ್ಕು ಹೋದರು.

ಬಾಬಣ್ಣ ಕುಣಿಮಗ್ಗದ, ಅಂದರೆ ನೆಲದ ಗುಂಡಿಯಲ್ಲಿ ಕಾಲಿಟ್ಟು ತುಳಿಯುವ ಮಗ್ಗದ ನೇಕಾರರು. ಹದಿನಾರನೆಯ ವಯಸ್ಸಿನಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟವರು ಅರವತ್ತು ದಾಟಿದರೂ ತೆಗೆದಿರಲಿಲ್ಲ. ಮಾತು ಕಡಿಮೆ. ತಪ್ಪಿದ ಎಳೆಯನ್ನು ಯಾರಿಗೂ ತೋರಿಸದೆ, ಬಿಚ್ಚಿ ಮತ್ತೆ ನೇಯುವ ಸ್ವಭಾವ. 2016ರ ಜನವರಿಯಲ್ಲಿ ಒಂದು ಮಧ್ಯಾಹ್ನ ಮಗ್ಗದ ಮೇಲೆಯೇ ಅವರು ಹೊಟ್ಟೆ ಹಿಡಿದುಕೊಂಡು ಮಡಚಿ ಬಿದ್ದರು. ಎಂಟು ದಿನ ಗದುಗಿನ ಆಸ್ಪತ್ರೆಯಲ್ಲಿದ್ದರು. ಮೇದೋಜೀರಕ ಗ್ರಂಥಿಗೆ ಉರಿಯೂತವಾಗಿತ್ತು. ಅದಕ್ಕೆ ಕಾರಣ ರಕ್ತದಲ್ಲಿ ತೇಲುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು. ನೂರೈವತ್ತರೊಳಗೆ ಇರಬೇಕಾದದ್ದು ಸಾವಿರದ ಇನ್ನೂರ ನಲವತ್ತಾಗಿತ್ತು. ಇದು ಕುಡಿಯುವವರಿಗೆ ಬರುವ ನೋವೆಂದೇ ಜನ ತಿಳಿದಿದ್ದರು. ಅವರೋ ಕುಡಿಯುವವರಲ್ಲ, ಊರಲ್ಲಿ ಯಾರಿಗೂ ಇದು ಅರ್ಥವಾಗಲಿಲ್ಲ.

ಉಪವಾಸ, ಸಲೈನುಗಳಿಂದ ಅದು ನಾನೂರ ಹತ್ತಕ್ಕೆ ಬಂದಾಗ ಮನೆಗೆ ಕಳಿಸಿದರು. ಬಾಬಣ್ಣ ತಮ್ಮದೇ ಲೆಕ್ಕ ಹಾಕಿದರು: ರಕ್ತದಲ್ಲಿ ಕೊಬ್ಬಿದ್ದರೆ ಅದು ಎಣ್ಣೆಯಿಂದಲೇ ಬಂದಿರಬೇಕು. ಒಗ್ಗರಣೆ ನಿಂತಿತು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಡಬ್ಬಿ ಗೋಡೆಯ ಮೇಲಿನ ಮಾಡಕ್ಕೆ ಹೋಯಿತು. ಹಗುರಾದ ಊಟವೆಂದು ಮೂರು ಹೊತ್ತೂ ಅಕ್ಕಿಯ ಗಂಜಿ, ಅದಕ್ಕೊಂದು ಹಿಡಿ ಬೆಲ್ಲ. ಮಗ್ಗದ ಬಳಿಗೆ ದಿನಕ್ಕೆ ಆರು ಸಲ ಸಿಹಿ ಚಹಾ.

"ನೂಲಿಗೆ ಹಚ್ಚೂ ಗಂಜೀನ ಹೊಟ್ಟಿಗೂ ಹಚ್ಚಾಕತ್ತಿಯೇನಲೇ?" ಎಂದು ಉಸ್ಮಾನಸಾಬರು ಚೇಷ್ಟೆ ಮಾಡಿದರು.

"ಇದರಾಗ ಒಂದು ಹನಿ ಎಣ್ಣಿ ತೋರಸು ನೋಡೋಣು," ಎಂದರು ಬಾಬಣ್ಣ.

ಕಲ್ಪನಾಳಿಗೆ ಅನುಮಾನವಿತ್ತು. ಆದರೆ ಹುಷಾರಿಲ್ಲದ ಮಾವನ ಗಂಜಿಯ ಬಟ್ಟಲಿಗೆ ಅಡ್ಡ ಕೈ ಹಿಡಿಯುವುದು ಸೊಸೆಗೆ ಸುಲಭವಲ್ಲ. ಆರು ವಾರದ ನಂತರ ತಪಾಸಣೆಯ ಚೀಟಿಯಲ್ಲಿ ಎಂಟುನೂರ ತೊಂಬತ್ತು ಬಂತು.

ಡಾಕ್ಟರು ಚೀಟಿಯನ್ನು ಎರಡು ಸಲ ನೋಡಿದರು. "ಅಜ್ಜಾರ, ಸಾವಿರ ದಾಟಿದ್ರ ಮತ್ತ ಅದ ನೋವು ಬರತೈತಿ. ಇನ್ನೊಮ್ಮೆ ಬಂದ್ರ ಉಳಸ್ತೀನಿ ಅಂತ ನಾ ಮಾತು ಕೊಡೂದಿಲ್ಲ."

ಮನೆಗೆ ಬಂದೊಡನೆ ಅತ್ತೆ ಸಾವಂತ್ರೆವ್ವ ಗಂಜಿಯ ಪಾತ್ರೆಯನ್ನು ಬಚ್ಚಲಿಗೆ ಒಯ್ದು ಸುರಿದರು. ನಂತರ ಸೊಸೆಯನ್ನು ಕರೆದು ಎದುರು ಕೂರಿಸಿಕೊಂಡರು. "ಈಗ ತಿಳಿಯೂಹಂಗ ಹೇಳು. ಎಣ್ಣಿ ತಿನ್ನಲಾರದ ಕೊಬ್ಬು ಹೆಂಗ ಬಂತು?"

ಕಲ್ಪನಾ ಹೇಳಿದಳು. ಮೈಗೆ ಬೇಕಾದದ್ದಕ್ಕಿಂತ ಹೆಚ್ಚು ಸಕ್ಕರೆ, ಬೆಲ್ಲ, ಅಕ್ಕಿ ಒಳಗೆ ಹೋದರೆ ಯಕೃತ್ತು ಅದನ್ನು ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ದುಡಿಯುವ ಸ್ನಾಯು ಆ ಕೊಬ್ಬನ್ನು ಸುಟ್ಟುಕೊಳ್ಳುತ್ತದೆ. ಕೂತೇ ಇದ್ದರೆ ಅದು ಅಲ್ಲೇ ಉಳಿಯುತ್ತದೆ. ಕೆಲವರ ಮೈಗುಣವೂ ಹಾಗಿರುತ್ತದೆ.

ಅಂದಿನಿಂದ ಅಡುಗೆ ಬದಲಾಯಿತು. ಚಹಾಕ್ಕೆ ಸಕ್ಕರೆಯಿಲ್ಲ, ಗಂಜಿ, ಬೆಲ್ಲ ಎರಡೂ ಇಲ್ಲ. ನಾಲ್ಕು ರೊಟ್ಟಿಯ ಜಾಗದಲ್ಲಿ ಎರಡು. ಅದರ ಬದಿಗೆ ಮಡಕೆ ಕಾಳಿನ ಪಲ್ಯ, ಹಸಿ ಮೆಂತ್ಯೆಸೊಪ್ಪು, ಸೌತೆಕಾಯಿ. ಎಣ್ಣೆ ಅಳತೆಯಲ್ಲಿ ಮರಳಿತು, ಹಿಂಡಿಯ ಡಬ್ಬಿಯೂ ಕೆಳಗಿಳಿಯಿತು. ಡಾಕ್ಟರು ಗುಳಿಗೆ ಬರೆದಿದ್ದರು. ದಿನಕ್ಕೆ ಮುಕ್ಕಾಲು ಗಂಟೆ ನಡೆಯಲೂ ಹೇಳಿದ್ದರು.

ಊಟಕ್ಕೆ ಬಾಬಣ್ಣ ತಕರಾರು ಮಾಡಲಿಲ್ಲ. ನಡಿಗೆಯೇ ಕಷ್ಟವಾದದ್ದು. "ದಿನಾ ಮಗ್ಗ ತುಳಿತೀನಲ್ಲ, ಅದು ನಡದಂಗ ಅಲ್ಲೇನು?" ಎಂದು ವಾದಿಸಿ ನೋಡಿದರು. ಕೊನೆಗೆ ಬೆಳಿಗ್ಗೆ ಆರಕ್ಕೆ ಹೊರಬಿದ್ದರು. ಕೈಯಲ್ಲಿ ಚೀಲವಿಲ್ಲ, ಹೆಗಲ ಮೇಲೆ ನೂಲಿನ ಗಂಟಿಲ್ಲ. ಅಂಥ ಮನುಷ್ಯನನ್ನು ನೇಕಾರರ ಓಣಿ ಸುಮ್ಮನೆ ಬಿಡುವುದಿಲ್ಲ. ಪ್ರತಿ ಕಟ್ಟೆಯಿಂದಲೂ "ಎಲ್ಲಿಗ್ರಿ?" ಎಂಬ ಕೂಗು. ಮೊದಲ ದಿನ ಸ್ಟೇಷನ್ನಿಗೆ ಎಂದರು. ಎರಡನೆಯ ದಿನ ಪೋಸ್ಟಾಫೀಸಿಗೆ ಎಂದಾಗ ಎದುರುಮನೆಯ ಸುಮಿತ್ರವ್ವ ಕಸಬರಿಗೆ ಕೈಯಲ್ಲಿ ಹಿಡಿದೇ ಕೇಳಿದರು: "ಆರು ಗಂಟೇಕ ಯಾವ ಪೋಸ್ಟು ತಗದಿರತೈತ್ರಿ ಅಣ್ಣಾರ?"

ಮೂರನೆಯ ದಿನ ಅವರು ಏಳಲೇ ಇಲ್ಲ. "ಕೆಲಸಿಲ್ಲದ ತಿರಗಾಕ ನಂಗ ನಾಚಿಕಿ ಬರತೈತಿ," ಎಂದರು.

"ಜೀವಕ್ಕಿಂತ ನಾಚಿಕಿ ದೊಡ್ಡದಾತೇನ್ರಿ ನಿಮಗ?" ಎಂದು ಸಾವಂತ್ರೆವ್ವ ಅವರ ಹೊದಿಕೆ ಎಳೆದರು. ಬಾಬಣ್ಣ ಗೋಡೆಯತ್ತ ತಿರುಗಿ ಮಲಗಿದರು.

ದಾರಿ ತೋರಿದ್ದು ಅದೇ ಓಣಿಯ ಲಕ್ಕಪ್ಪನ ಹೆಗಲುನೋವು. ಸೀರೆಯ ಉದ್ದಕ್ಕೆ ಬರುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಓಣಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಒಣಗುವವರೆಗೆ ದೊಡ್ಡ ಕುಂಚದಿಂದ ತೀಡುತ್ತ ಈ ತುದಿಯಿಂದ ಆ ತುದಿಗೆ ಓಡಾಡಬೇಕು. ನಡುವೆ ನಿಂತರೆ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಈಗ ಹೆಚ್ಚಿನವರು ಸಿದ್ಧಪಡಿಸಿದ ಹಾಸನ್ನೇ ಕೊಂಡು ತರುತ್ತಾರೆ. ಉಳಿದ ಕೆಲವು ಮಗ್ಗಗಳಿಗೆ ಲಕ್ಕಪ್ಪನೊಬ್ಬನೇ ಈ ಕೆಲಸ ಮಾಡಿಕೊಡುತ್ತಿದ್ದ. ಹೆಗಲು ಹಿಡಿದು ಅವನು ಕೂತಾಗ ಬಾಬಣ್ಣ ಹೋಗಿ ಕುಂಚ ಇಸಿದುಕೊಂಡರು. ಅಂದಿನಿಂದ ದಿನ ಬೆಳಗಾದರೆ ಒಂದಲ್ಲ ಒಂದು ಮಗ್ಗದ ಹಾಸು ಅವರಿಗೆ ಕಾದಿರುತ್ತಿತ್ತು.

ಕಲ್ಪನಾ ಒಂದು ರವಿವಾರ ಕಟ್ಟೆಯ ಮೇಲೆ ಕೂತು ಎಣಿಸಿದಳು. ಮೂವತ್ತೈದು ಮೀಟರಿನ ಹಾಸು, ಹೋಗಿ ಬಂದದ್ದು ಐವತ್ತೆಂಟು ಸಲ, ನಾಲ್ಕು ಕಿಲೋಮೀಟರು. ಬಿರುಸಿನ ನಡಿಗೆಯೆನ್ನಬಹುದೇ ಎಂಬ ಸಂಶಯದಿಂದ ಹತ್ತಿರ ಹೋಗಿ ಮಾತಾಡಿಸಿದಳು. ಮಾವ ತುಸು ಏದುಸಿರಿನಲ್ಲೇ, "ಸರೀ ಆ ಕಡೆ, ಎಳಿ ಅಂಟತಾವು," ಎಂದರು. ಮಾತಿಗೆ ಉಸಿರು ಏರುವಷ್ಟು ಬಿರುಸಿತ್ತು, ಸಂಶಯ ತೀರಿತು. ಆ ಓಣಿಯಲ್ಲಿ ಮತ್ತಾರೂ ಅವರನ್ನು ಎಲ್ಲಿಗೆ ಎಂದು ಕೇಳಲಿಲ್ಲ.

ಐದು ತಿಂಗಳಲ್ಲಿ ಮೈತೂಕ ಏಳು ಕಿಲೋ ಇಳಿಯಿತು. ಚೀಟಿಯಲ್ಲಿ ನೂರ ಅರವತ್ತೆಂಟು ಎಂದಿತ್ತು. ಸಾವಂತ್ರೆವ್ವ ಆ ಚೀಟಿಯನ್ನು ದೇವರ ಮಾಡದಲ್ಲಿಟ್ಟರು. ಉಸ್ಮಾನಸಾಬರು ಬಂದು ಆ ಪ್ರಶ್ನೆ ಕೇಳಿದ್ದು ಆ ವಾರವೇ. ಮುಂದೆ ಡಾಕ್ಟರು ಗುಳಿಗೆ ನಿಲ್ಲಿಸಿ ನೋಡಿದರು. ನೂರ ಎಂಬತ್ತರ ಆಸುಪಾಸಿನಲ್ಲೇ ಉಳಿಯಿತು. ಮೂರರಲ್ಲಿ ಒಂದು ಕಳಚಿತಷ್ಟೇ. ಊಟವೋ, ನಡಿಗೆಯೋ ಎಂಬುದು ಹಾಗೆಯೇ ಉಳಿಯಿತು. ಬೇರ್ಪಡಿಸಿ ನೋಡಲು ಮಾವನ ಮೇಲೆ ಪ್ರಯೋಗ ಮಾಡುವವರು ಯಾರು?

ಕಲ್ಪನಾ ಈ ಸಂಗತಿಯನ್ನು ತರಗತಿಯಲ್ಲಿ ಪ್ರತಿವರ್ಷ ಹೇಳತೊಡಗಿದಳು. ಹಲಗೆಯ ಮೇಲೆ ಮೇಲಿನಿಂದ ಕೆಳಗಿಳಿದು, ಮುಂದೆ ನೇರವಾಗಿ ಸಾಗುವ ಒಂದು ಗೆರೆ. ಮನುಷ್ಯ ಒಮ್ಮೆ ತಿಳಿದುಕೊಂಡರೆ ಸಾಕು, ಹಳೆಯದಕ್ಕೆ ಮರಳುವುದಿಲ್ಲ ಎನ್ನುತ್ತಿದ್ದಳು. ಅವಳು ಸಾಮಾನ್ಯವಾಗಿ ಇಷ್ಟು ಧೈರ್ಯದ ಮಾತು ಆಡುವವಳಲ್ಲ. ಆದರೆ ಗೆರೆ ಅವಳ ಕಣ್ಣೆದುರಿಗೇ ಇತ್ತು: ವರ್ಷಕ್ಕೊಮ್ಮೆ ಮಾವ ಚೀಟಿ ತಂದು ಕೈಗಿಡುತ್ತಿದ್ದರು, ಪ್ರತಿಸಲವೂ ಇನ್ನೂರರ ಒಳಗೆ.

2023ರ ಚಳಿಗಾಲದಲ್ಲಿ ಬಾಬಣ್ಣ ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡರು. ಐದು ದಿನ ಮಲಗಿದ್ದರು. ಆ ಹೊಟ್ಟೆನೋವು ಮಾತ್ರ ಕೊನೆಯವರೆಗೂ ಮರಳಿ ಬರಲಿಲ್ಲ.

ಎರಡು ತಿಂಗಳ ನಂತರ ಅತ್ತೆಯ ರಕ್ತ ತಪಾಸಣೆಗೆಂದು ಕಲ್ಪನಾ ಮಾವನ ಚೀಟಿಗಳು ಬರುತ್ತಿದ್ದ ಲ್ಯಾಬಿಗೇ ಹೋದಳು. ಅಲ್ಲಿ ಕೆಲಸ ಮಾಡುವ ರೇಷ್ಮಾ ವಿಳಾಸ ಕೇಳಿ, ಕಂಪ್ಯೂಟರಿನಲ್ಲಿ ಅದೇ ಮನೆಯ ಇನ್ನೊಂದು ಹೆಸರು ಕಂಡು ಕೈ ತಡೆದಳು. "ಬಾಬಣ್ಣಾರ ಮನ್ಯಾರೇನ್ರಿ? ಖಬರ ಗೊತ್ತಾತ್ರಿ. ಭಾಳ ಸಲ ಬರತಿದ್ದರು."

"ವರ್ಷಕ್ಕೊಮ್ಮೆ," ಎಂದಳು ಕಲ್ಪನಾ.

"ಇಲ್ರೀ," ಎಂದು ರೇಷ್ಮಾ ಪರದೆಯನ್ನು ಇವಳತ್ತ ತಿರುಗಿಸಿದಳು. "ಹೆಚ್ಚು ಬಂದಾಗ ಚೀಟಿ ಇಲ್ಲೇ ಹರದು ಒಗದು ಹೋಗತಿದ್ದರು. ಮನಿಯಾಗ ಹೆಣ್ಣಮಕ್ಕಳು ಅಂಜತಾವು, ನಾನ ಇಳಿಸಿ ಮತ್ತ ಬರ್ತೀನಿ ಅಂತಿದ್ದರು."

ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಮನೆಗೆ ಬಂದ ಚೀಟಿಗಳು ಏಳು. ಪರದೆಯ ಮೇಲೆ ಅದೇ ಏಳು ವರ್ಷಕ್ಕೆ ಹನ್ನೊಂದು ಸಾಲುಗಳಿದ್ದವು. ಮನೆಗೆ ಬಾರದ ನಾಲ್ಕರಲ್ಲಿ ದೊಡ್ಡವು ಎರಡು: 2019ರ ಸೆಪ್ಟೆಂಬರಿನಲ್ಲಿ ಐನೂರ ಎಪ್ಪತ್ತನಾಲ್ಕು, 2021ರ ಜುಲೈಯಲ್ಲಿ ಆರುನೂರ ಹನ್ನೊಂದು. ಎರಡು ಸಲವೂ ನಾಲ್ಕೈದು ತಿಂಗಳಲ್ಲಿ ಅದು ಮತ್ತೆ ಇನ್ನೂರರ ಕೆಳಗೆ ಬಂದಿತ್ತು. ಕಲ್ಪನಾ ಹಲಗೆಯ ಮೇಲೆ ಎಳೆಯುತ್ತಿದ್ದ ನೇರ ಗೆರೆ ಅಲ್ಲಿರಲಿಲ್ಲ, ತಪ್ಪಿದ ಎಳೆಯನ್ನು ಮಾವ ಎರಡು ಸಲ ಬಿಚ್ಚಿ ಮತ್ತೆ ನೇಯ್ದಿದ್ದರು.