ಚಾ ಬಣ್ಣದ ಸತ್ಯ

ದುಬೈಯಲ್ಲಿ ಅಮೆರಿಕದ ಪೊಲೀಸ್ ಅಧಿಕಾರಿಯೊಬ್ಬರನ್ನು ವಿಚಾರಣೆ ಮಾಡಿದ ಏಕೈಕ ಕನ್ನಡಿಗ ನಾನು. ಸುಳ್ಳು ಮಾರಾಯರೇ, ವಿಚಾರಣೆ ಆದದ್ದು ನನ್ನದೇ.

ಅವರು ನಿವೃತ್ತ ಶೆರಿಫ್, ಈಗ ಪುಸ್ತಕ ಬರೆಯುವವರು, ಕಟ್ಟಾ ಸಂಪ್ರದಾಯದ ಮಾರ್ಮನ್ ಕ್ರೈಸ್ತರು. ಸಂಜೆ ಅಬುಧಾಬಿಯಲ್ಲಿ ಅವರ ಭಾಷಣ, ಕಾರು ಓಡಿಸುವವ ನಾನು. ಬೆಳಗ್ಗಿನಿಂದ ದುಬೈ ತೋರಿಸುತ್ತ ನಾನು ಬಿಟ್ಟ ರೈಲುಗಳಿಗೆ ಲೆಕ್ಕವಿಲ್ಲ. ಅಷ್ಟರಲ್ಲಿ ಎಸಿ ಗಾಳಿಗೆ ಅವರ ಗಂಟಲು ಕಟ್ಟಿತು. ಬಿಸಿ ಏನಾದರೂ ಬೇಕು, ಆದರೆ ಚಾ, ಕಾಫಿ ಅವರ ಧರ್ಮದಲ್ಲಿ ನಿಷಿದ್ಧ. ದುಬೈಯ ಕರಾಮ ಬಡಾವಣೆಯಲ್ಲಿರುವ, ನನ್ನ ಹಳೇ ಪರಿಚಯದ ಹಮೀದಾಕನ ಹೋಟೆಲಿಗೆ ಕರೆದೊಯ್ದು ಕೊತ್ತಂಬರಿ-ಜೀರಿಗೆ ಕಷಾಯ ಹೇಳಿದೆ. ಹಾಲು, ಬೆಲ್ಲ ಬಿದ್ದು ಬಂದದ್ದು ಥೇಟ್ ಚಾದ ಬಣ್ಣ!

"ಚಾ ಅಲ್ಲ ಸರ್, ಬರೀ ಕಷಾಯ."

ಅವರು ಲೋಟ ಪಕ್ಕಕ್ಕಿಟ್ಟು, ಕಟ್ಟಿದ ಗಂಟಲಲ್ಲೇ ಶುರುಮಾಡಿದರು. "ಇಲ್ಲಿ ಒಂಟೆ ಸವಾರಿಗೆ ಲೈಸೆನ್ಸ್ ಬೇಕು ಅಂದೆಯಲ್ಲ. ನಿಜವೇ?"

"ಅಲ್ಲ ಸರ್."

"ಆ ಎತ್ತರದ ಕಟ್ಟಡ ನಿನ್ನ ಮಾವನದ್ದೇ?"

"ಮಾವನಿಗೆ ಸ್ವಂತ ಸೈಕಲ್ಲೂ ಇಲ್ಲ ಸರ್."

"ಇದರಲ್ಲಿ ಚಾ ಇದೆಯೇ?"

"ಇಲ್ಲ ಸರ್!"

ಅವರು ಹಮೀದಾಕನ ಮುಖ ನೋಡಿದರು.

"ವಲ್ಲಾಹಿ, ಅಲ್ಲಾಹನಾಣೆ, ಚಾ ಹುಡಿ ಮುಟ್ಟಿಲ್ಲ ಸಾರ್," ಎಂದ ಹಮೀದಾಕ. "ಇವನ ಬಾಯಲ್ಲಿ ಸತ್ಯ ಬಂದದ್ದು ನಾನೂ ಇವತ್ತೇ ಕೇಳಿದ್ದು."

ಕುಡಿದರು. ಗಂಟಲು ಬಿಟ್ಟಿತು. ಸಂಜೆ ವೇದಿಕೆಯಲ್ಲಿ ಅವರ ಮೊದಲ ಮಾತೇ, "ಈ ದೇಶದಲ್ಲಿ ಒಂಟೆ ಸವಾರಿಗೂ ಲೈಸೆನ್ಸ್ ಬೇಕಂತೆ!" ಸಭೆಯೆಲ್ಲ ನಕ್ಕಿತು. ಕಥೆ ನನ್ನದು, ಚಪ್ಪಾಳೆ ಅವರಿಗೆ.

ಇರಲಿ. ನನ್ನ ಧರ್ಮದಲ್ಲಿ ಚಾ ಕುಡಿಯಬಹುದು, ದುಡ್ಡು ಕೊಡಬಾರದು ಅಷ್ಟೆ. ಕಥೆ ಹೇಳುತ್ತ ನಾನು ಕುಡಿದ ಈ ಲೋಟದ್ದು ನೀವೇ ಕೊಟ್ಟುಬಿಡಿ.