ಚಿಕ್ಕಪ್ಪನ ಪಾಲಿನ ಕಾರು

ನಮ್ಮ ಚಿಕ್ಕಮ್ಮ ಟ್ಯಾಕ್ಸಿ ಓಡಿಸುತ್ತಾಳೆ. ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ. ಆದರೂ ಆ ಟ್ಯಾಕ್ಸಿಯನ್ನು ಬಹಳ ಕಾಲ ಇಬ್ಬರೂ ಸೇರಿಯೇ ಓಡಿಸಿದರು ಎಂದರೆ ಜನ ನನ್ನ ಮುಖ ನೋಡುತ್ತಾರೆ. ನೋಡಲಿ. ಅವರ ಮನೆಯ ಮಹಡಿಯಲ್ಲಿ ಇರುವವಳು ನಾನು, ದಿನಾ ಬಟ್ಟೆ ಅಂಗಡಿಯ ಕೆಲಸಕ್ಕೆ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಪುಕ್ಕಟೆ ಹೋಗುವವಳೂ ನಾನೇ. ನನಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು?

ಚಿಕ್ಕಪ್ಪ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು. ಕಣ್ಣು ಮಂಜಾಗುತ್ತ ಆಗುತ್ತ ಕೊನೆಗೆ ಪೂರ್ತಿ ಹೋಯಿತು, ಅಂಗಡಿ ಮುಚ್ಚಿತು. ಚಿಕ್ಕಮ್ಮ ಡ್ರೈವಿಂಗ್ ಕಲಿತು ಹಳೇ ಪೆಟ್ರೋಲ್ ಕಾರೊಂದನ್ನು ಕೊಂಡು ಸ್ಟ್ಯಾಂಡಿನಲ್ಲಿ ನಿಂತಳು. ಗಂಡ ಮನೆಯಲ್ಲಿ ಒಬ್ಬರೇ ಗೋಡೆ ಕಾಯುವುದು ಬೇಡವೆಂದು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಳು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಆ ಕಾರು ಎಷ್ಟು ಹಳೆಯದೆಂದರೆ ದೀಪಕ್ಕೂ ವೈಪರಿಗೂ ಫ್ಯಾನಿಗೂ ಎದುರಿಗೇ ಸಾಲಾಗಿ ನಾಬುಗಳು. ಚಿಕ್ಕಪ್ಪನ ಬೆರಳು ಅವನ್ನೆಲ್ಲ ತಡಕಿ ತಡಕಿ ಬಾಯಿಪಾಠ ಮಾಡಿಕೊಂಡಿತು.

ಆಮೇಲೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ಕಾರು ಪಾಲಾಯಿತು. ಸ್ಟೇರಿಂಗು, ಗೇರು, ಬ್ರೇಕು ಚಿಕ್ಕಮ್ಮನದು. ಫ್ಯಾನು, ದೀಪ, ವೈಪರು, ರೇಡಿಯೋ ಚಿಕ್ಕಪ್ಪನದು. ಹಾರನ್ ವಿಷಯದಲ್ಲಿ ಮಾತ್ರ ಕೊನೆಯವರೆಗೂ ತಕರಾರಿತ್ತು. ತೋಳಿನ ಮೇಲಿನ ಬಿಸಿಲು ಆರಿದ ಕೂಡಲೇ ಚಿಕ್ಕಪ್ಪ ದೀಪ ಹಾಕುತ್ತಿದ್ದರು, ಗಾಜಿಗೆ ಮೊದಲ ಹನಿ ಬಿದ್ದ ಸದ್ದಿಗೆ ವೈಪರ್ ಹಾಕುತ್ತಿದ್ದರು. ಒಮ್ಮೆ ಹಿಂದೆ ಕೂತ ಹೆಂಗಸೊಬ್ಬಳು ಅನುಮಾನ ತಾಳಲಾರದೆ ಕೇಳಿಯೇಬಿಟ್ಟಳು.

“ಇವರಿಗೆ ಕಣ್ಣು...?”

“ಕಾಣಲ್ಲ,” ಅಂದಳು ಚಿಕ್ಕಮ್ಮ.

“ಮತ್ತೆ ಈಗ ದೀಪ ಹಾಕಿದ್ರಲ್ಲ?”

“ಕತ್ತಲಾಯ್ತಲ್ಲ, ಅದಕ್ಕೆ.”

ಆ ಹೆಂಗಸು ಇಳಿಯುವವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಸ್ಟ್ಯಾಂಡಿನ ಉಳಿದ ಡ್ರೈವರುಗಳು ಇವರಿಗೆ ‘ಜೋಡಿ ಸ್ಟೇರಿಂಗ್’ ಎಂದು ಹೆಸರಿಟ್ಟಿದ್ದರು. ಇನ್ನು ಚಿಕ್ಕಮ್ಮನೋ, ಗಂಡನ ಪಾಲಿಗೆ ಅಪ್ಪಿತಪ್ಪಿಯೂ ಕೈ ಹಾಕಿದವಳಲ್ಲ. ಒಮ್ಮೆ ಚಿಕ್ಕಪ್ಪ ಜ್ವರ ಬಂದು ಮನೆಯಲ್ಲಿ ಮಲಗಿದ್ದಾಗ, ಸುಡು ಬಿಸಿಲಿನಲ್ಲಿ ಬೆವರು ಸುರಿಸಿಕೊಂಡೇ ಕಾರು ಓಡಿಸಿದಳು. ಫ್ಯಾನ್ ಹಾಕಬಾರದೇ ಎಂದರೆ, ಅದು ಅವರ ಇಲಾಖೆ ಅಂದಳು.

ಹಳೇ ಕಾರು ಒಂದು ದಿನ ನಡುರಸ್ತೆಯಲ್ಲೇ ಕೈಕೊಟ್ಟಿತು. ಅಷ್ಟರಲ್ಲಿ ಸ್ಟ್ಯಾಂಡಿನಲ್ಲಿ ಕರೆಂಟಿನ ಕಾರಿಗೆ ಮಾತ್ರ ಜಾಗ ಎಂಬ ಹೊಸ ನಿಯಮ ಬಂದಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಕೊಂಡದ್ದಾಯಿತು. ಚಿಕ್ಕಪ್ಪ ಪಕ್ಕದ ಸೀಟಿನಲ್ಲಿ ಕೂತು, ಹೊಸ ಸೊಸೆಯ ಕೈಯಡುಗೆ ರುಚಿ ನೋಡುವವರ ಗಾಂಭೀರ್ಯದಿಂದ ಕೈ ಚಾಚಿದರು. ಈ ತುದಿಯಿಂದ ಆ ತುದಿಯವರೆಗೆ ಬರೀ ನುಣ್ಣನೆಯ ಗಾಜು.

“ಇದಕ್ಕೆ ಮುಖಾನೇ ಇಲ್ವಲ್ಲೇ,” ಅಂದರು.

ಇಡೀ ಕಾರಿನಲ್ಲಿ ಹುಡುಕಿದರೂ ಒಂದು ಬಟನ್ ಸಿಗುವುದಿಲ್ಲ, ಎಲ್ಲವೂ ಪರದೆಯೊಳಗೇ ಎಂದು ಶೋರೂಮಿನವನು ಎದೆಯುಬ್ಬಿಸಿ ಹೇಳಿದ. ಕಿತ್ತುಹಾಕಿದ್ದನ್ನೇ ಸಾಧನೆ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೊದಲ ದಿನವೇ ವಕೀಲರೊಬ್ಬರು ಹತ್ತಿದರು. ಚಿಕ್ಕಪ್ಪ ಅಂದಾಜಿನ ಮೇಲೆ ಫ್ಯಾನಿಗೆಂದು ಗಾಜು ಒತ್ತಿದರು. ಹಿಂದಿನ ಸೀಟು ನಿಧಾನವಾಗಿ ಒರಗುತ್ತ ಹೋಗಿ, ವಕೀಲರು ಎದೆಯ ಮೇಲೆ ಫೈಲು ಇಟ್ಟುಕೊಂಡು ಅಂಗಾತ ಮಲಗಿಬಿಟ್ಟರು. ಸರಿಮಾಡಲು ಇನ್ನೊಮ್ಮೆ ಒತ್ತಿದರೆ ಸೀಟು ಬಿಸಿಯಾಗತೊಡಗಿತು. ಮತ್ತೊಮ್ಮೆ ಒತ್ತಿದ್ದಕ್ಕೆ ಚಿಕ್ಕಮ್ಮನ ಅಕ್ಕನಿಗೆ ಫೋನ್ ಹೋಯಿತು. ಆ ದೊಡ್ಡಮ್ಮ ವಕೀಲರ ಬೈಗುಳವನ್ನೆಲ್ಲ ಕಿವಿಯಾರೆ ಕೇಳಿ, ಈಗಲೂ ಮನೆಮನೆಗೆ ಹಂಚುತ್ತಿದ್ದಾಳೆ.

ನಾನು ಒಣಬಟಾಣಿಯನ್ನು ಎರಡು ಹೋಳು ಮಾಡಿ ಗಾಜಿನ ಮೇಲೆ ಅಂಟಿಸಿಕೊಟ್ಟೆ. ಬೆರಳಿಗೆ ಗುರುತು ಸಿಗಲಿ ಎಂದು. ಆದರೆ ಪರದೆ ತನ್ನಷ್ಟಕ್ಕೆ ಪುಟ ಬದಲಿಸುತ್ತದೆ, ಬಟಾಣಿ ಬದಲಿಸುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಫ್ಯಾನಿನ ಬಟಾಣಿಗೆ ಕೈಯಿಟ್ಟರೆ ಹಿಂದೆ ಡಿಕ್ಕಿ ತೆರೆದುಕೊಂಡು, ಗಿರಾಕಿಯ ಹೊಸ ದಿಂಬುಗಳೆಲ್ಲ ರಸ್ತೆಪಾಲಾದವು. ಬಾಯಲ್ಲಿ ಹೇಳಿದರೂ ಕಾರು ಕೇಳುತ್ತದೆಂದು ಶೋರೂಮಿನವನು ಹೇಳಿದ್ದ. ಚಿಕ್ಕಪ್ಪ ಮರ್ಯಾದೆಯಿಂದ, ಯಾಕೋ ಸೆಕೆ ಆಗ್ತಿದೆಯಮ್ಮ ಎಂದರೆ ಅದು ಹತ್ತಿರದ ಮೂರು ಆಸ್ಪತ್ರೆಗಳಿಗೆ ದಾರಿ ತೋರಿಸಿತು.

ಒಂದು ಬೆಳಿಗ್ಗೆ ಚಿಕ್ಕಪ್ಪ ಚಪ್ಪಲಿ ಮೆಟ್ಟಲಿಲ್ಲ. “ನೀನು ಹೋಗು. ಆ ಸೀಟಲ್ಲಿ ಯಾರದಾದ್ರೂ ಸಾಮಾನು ಇಡಬಹುದು,” ಅಂದರು. ಕೋಪದಲ್ಲಿ ಹೇಳಿದ್ದರೆ ಜಗಳವಾಡಿ ಸರಿಹೋಗುತ್ತಿತ್ತು. ಅವರು ತೀರಾ ತಣ್ಣಗೆ ಹೇಳಿದರು.

ಆಮೇಲಿನ ದಿನಗಳಲ್ಲಿ ಚಿಕ್ಕಮ್ಮ ಮುಖ ಊದಿಸಿಕೊಂಡು ಒಬ್ಬಳೇ ಓಡಿಸಿದಳು. ಒಮ್ಮೆ ಗಾಜಿನೊಳಗೆ ಫ್ಯಾನ್ ಹುಡುಕುತ್ತ ಕಾರನ್ನು ಫುಟ್‌ಪಾತಿಗೆ ಹತ್ತಿಸಿ ಕ್ಷೌರದಂಗಡಿಯ ಕಸದ ಡಬ್ಬಿ ಉರುಳಿಸಿದಳು. ಅಂದು ಸಂಜೆಯೇ ನನ್ನನ್ನು ಗುಜರಿ ಅಂಗಡಿಗೆ ಎಳೆದುಕೊಂಡು ಹೋದಳು. ಒಲೆಯದು, ಬಟ್ಟೆ ಒಗೆಯುವ ಮೆಷಿನ್ನಿನದು, ಇಸ್ತ್ರಿಪೆಟ್ಟಿಗೆಯದು ಅಂತ ಹತ್ತಾರು ನಾಬು ಆರಿಸಿ, ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಟಕ್ ಎಂದು ಗಟ್ಟಿಯಾಗಿ ಸದ್ದು ಮಾಡಿದವನ್ನಷ್ಟೇ ಇಟ್ಟುಕೊಂಡಳು. ಬಡಗಿ ಅವನ್ನು ಹಲಗೆಗೆ ಕೂರಿಸಿ ಪಕ್ಕದ ಸೀಟಿನ ಎದುರಿಗೆ ಬಿಗಿದುಕೊಟ್ಟ.

ವೈರು ಎಲ್ಲಿ ಎಂದು ನಾನು ಕೇಳಿದೆ. ವೈರೂ ಇಲ್ಲ, ಗೀರೂ ಇಲ್ಲ. ದೀಪ, ವೈಪರನ್ನು ಕಾರು ತಾನೇ ಹಾಕಿಕೊಳ್ಳುತ್ತದೆ. ಮಿಕ್ಕಿದ್ದಕ್ಕೆ ಗಂಡ ನಾಬು ತಿರುಗಿಸಿ ಟಕ್ ಎಂದಾಗ ತಾನು ಗಾಜು ಒತ್ತುವುದು, ಇಷ್ಟೇ ಅವಳ ಇಂಜಿನಿಯರಿಂಗು. ರಾತ್ರಿಯೆಲ್ಲ ಕಾರಿನಲ್ಲೇ ಕೂತು ಯಾವುದು ಎಲ್ಲಿದೆಯೆಂದು ಕಲಿತಿದ್ದಳು. ಬಾಯಿ ಬಿಟ್ಟರೆ ನಾಳೆಯಿಂದ ಬಸ್ಸಿನಲ್ಲಿ ಹೋಗು ಎಂದು ನನಗೆ ಎಚ್ಚರಿಕೆ ಕೊಟ್ಟಳು.

ಕಾರಿಗೆ ನಾಬು ಹಾಕಿಸಿದ್ದೇನೆ ಎಂದು ಚಿಕ್ಕಮ್ಮ ಹೇಳಿದ್ದೇ ತಡ, ಚಿಕ್ಕಪ್ಪ ಮತ್ತೆ ಚಪ್ಪಲಿ ಮೆಟ್ಟಿದರು. ಒಲೆಯ ನಾಬು ತಿರುಗಿಸಿ ಫ್ಯಾನ್ ಹಾಕಿದರು, ಇಸ್ತ್ರಿಪೆಟ್ಟಿಗೆಯದರಲ್ಲಿ ಹಾಡು ಜೋರು ಮಾಡಿದರು. ಗಾಳಿ ಬರಲು ಒಂದು ಕ್ಷಣ ತಡವಾದರೆ, ಹೊಸ ಗಾಡಿ, ಇನ್ನೂ ಪಳಗಿಲ್ಲ ಎಂದು ಕಾರಿನ ಪರ ವಹಿಸುತ್ತಿದ್ದರು. ನಾನು ಹಿಂದೆ ಕೂತು ನಗು ತಡೆಯಲು ತುಟಿ ಕಚ್ಚಿಕೊಳ್ಳುತ್ತಿದ್ದೆ. ಚಿಕ್ಕಮ್ಮ ಕನ್ನಡಿಯಲ್ಲೇ ನನ್ನನ್ನು ಗದರುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಹಿಟ್ಟು ಜರಡಿ ಹಿಡಿದಂಥ ತುಂತುರು. ನನ್ನ ಪಕ್ಕದಲ್ಲಿ ಹಲ್ಲಿನ ಡಾಕ್ಟರೊಬ್ಬರು ಕೂತಿದ್ದರು. ಎದುರಿನ ಗಾಜು ಬೆಳ್ಳಗಾದರೂ ಕಾರಿಗೆ ಅದು ಮಳೆಯೆಂದು ಹೊಳೆಯಲಿಲ್ಲ. ಕಿಟಕಿಯಿಂದ ತೋಳಿಗೆ ತಾಗಿದ ತುಂತುರಿಗೇ ಚಿಕ್ಕಪ್ಪನಿಗೆ ಹೊಳೆಯಿತು. ವೈಪರಿಗೆಂದಿದ್ದ ಬಟ್ಟೆ ಮೆಷಿನ್ನಿನ ನಾಬು ತಿರುಗಿಸಿದರು. ಟಕ್. ಚಿಕ್ಕಮ್ಮ ಪರದೆ ನೋಡಿದಳು. ಅದು ಆ ಹೊತ್ತಿಗೇ, ನಿಮ್ಮ ಕಾರು ನಿಮಗೆ ಇಷ್ಟವಾಯಿತೇ, ನಕ್ಷತ್ರ ಕೊಡಿ ಎಂದು ಪಟ್ಟು ಹಿಡಿದು ಕೂತಿತ್ತು. ಅವಳು ಒಂದು ನಕ್ಷತ್ರ ಕೊಟ್ಟಳು. ಯಾಕೆ ಒಂದೇ ಎಂದು ಅದು ಕಾರಣ ಕೇಳಿತು. ಚಿಕ್ಕಪ್ಪ ಇನ್ನೊಮ್ಮೆ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು. ವೈಪರ್ ಮಿಸುಕಲಿಲ್ಲ. ಚಿಕ್ಕಮ್ಮ ಅಂದಾಜಿನ ಮೇಲೆ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದಳು.

ರಿಪೇರಿಯವರ ಕೈ ಸುಮ್ಮನಿರುತ್ತದೆಯೇ? ಚಿಕ್ಕಪ್ಪ ಹಲಗೆಯ ಹಿಂದಕ್ಕೆ ಬೆರಳು ತೂರಿಸಿ ತಡಕಿದರು. ಆ ಕೊನೆಯಿಂದ ಈ ಕೊನೆಯವರೆಗೂ ತಡಕಿದರು. ಆಮೇಲೆ ಕೈ ತಂದು ತೊಡೆಯ ಮೇಲಿಟ್ಟುಕೊಂಡರು. ನನಗೆ ಕಾರಿನಿಂದ ಇಳಿದು ಓಡಿಹೋಗೋಣ ಅನ್ನಿಸಿತು.

“ಇದು ಬರೀ ಹಲಗೆ.”

“ಹೂಂ,” ಅಂದಳು ಚಿಕ್ಕಮ್ಮ.

“ಇಷ್ಟು ದಿನ ಫ್ಯಾನ್ ಹಾಕ್ತಿದ್ದಿದ್ದು ನೀನಾ?”

“ನಾನೇ.”

“ಎಲ್ಲಾ ನಿನಗೇ ಬರೋ ಹಾಗಿದ್ರೆ ನನ್ನ ಯಾಕೆ ಕರ್ಕೊಂಡು ಬಂದೆ?”

“ಫ್ಯಾನ್ ಹಾಕೋಕೆ ಅಂತ ಯಾರಾದ್ರೂ ಗಂಡನ್ನ ಪಕ್ಕದಲ್ಲಿ ಕೂರಿಸ್ಕೊಳ್ತಾರೇನ್ರಿ? ನೀವಿಲ್ದೆ ನನಗೆ ದಾರಿ ಸಾಗಲ್ಲ. ಅಷ್ಟೂ ಗೊತ್ತಾಗಲ್ವಾ ನಿಮಗೆ?” ಊರವರ ಬಾಯಿ ತೆರೆಸುವ ಡಾಕ್ಟರು ತಾವೇ ಬಾಯಿ ತೆರೆದುಕೊಂಡು ಕೂತಿದ್ದರು.

ಚಿಕ್ಕಪ್ಪ ಹಲಗೆಯ ಮೇಲಿನ ನಾಬುಗಳನ್ನು ಒಂದೊಂದಾಗಿ ಸವರಿದರು. ಆಮೇಲೆ ಪರದೆಯ ಮೇಲೆ ಈಗ ಏನಿದೆ ಎಂದು ಕೇಳಿದರು. ನಕ್ಷತ್ರ ಹೋಯಿತು, ವೈಪರ್ ಸಿಕ್ಕಿತು ಎಂದಳು ಚಿಕ್ಕಮ್ಮ. ಸಿಕ್ಕಿತಾದರೂ ಅವಳು ಬೆರಳನ್ನು ಗಾಜಿನ ಹತ್ತಿರ ಹಿಡಿದು ಹಾಗೇ ಕಾಯುತ್ತಿದ್ದಳು.

ಚಿಕ್ಕಪ್ಪ ಕೈ ಚಾಚಿ ಮೆಷಿನ್ನಿನ ನಾಬು ಹಿಡಿದು ತಿರುಗಿಸಿದರು. ಟಕ್ ಎಂದಿತು. ಚಿಕ್ಕಮ್ಮ ಒತ್ತಿದಳು.