ಹಗ್ಗ ಬಿಗಿಯುವ ಸದ್ದು

ಟಯರ್ ಅಂಗಡಿಯ ಅಂಗಳದಲ್ಲಿ ಜೀಪು ನಿಲ್ಲಿಸಿದ ಅವಳು ಮೊದಲು ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಗ್ರಿಪ್ಪಿನ ಸಂದಿನಲ್ಲಿ ಹೆಬ್ಬೆರಳಿಟ್ಟು ನೋಡಿದಳು. ಉಗುರು ಮುಳುಗುವಷ್ಟೂ ಆಳ ಉಳಿದಿರಲಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗಿನಿಂದ ಅಂಗಡಿಯವನು ಕಸ ಗುಡಿಸುವ ಸದ್ದು ಬರುತ್ತಿತ್ತು. ಜೀಪಿನ ಇನ್ನೊಂದು ಬದಿಯಿಂದ ಅವಳ ಅಣ್ಣ ಇಳಿಯುತ್ತಿದ್ದ. ಮೊದಲು ಊರುಗೋಲು, ಆಮೇಲೆ ನೆಟ್ಟಗಿನ ಕಾಲು, ಕೊನೆಗೆ ಇನ್ನೊಂದು. ಅವಳು ಕೈ ಕೊಡಲು ಹೋಗಲಿಲ್ಲ. ಕೊಟ್ಟರೆ ಬೈಯುತ್ತಾನೆ.

ಪೇಟೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ರೇಡಿಯೊ ಗೋಪುರವಿದೆ. ಕಣಿವೆಯ ಆಂಬುಲೆನ್ಸ್‌ಗಳೂ ಬೆಂಕಿ ಆರಿಸುವವರೂ ಪರಸ್ಪರ ಮಾತಾಡುವುದು ಅದರ ಮೂಲಕವೇ. ಅಲ್ಲಿಗೆ ಕರೆಂಟು ಹೋಗಿಲ್ಲ. ಜನರೇಟರಿಗೆ ವಾರಕ್ಕೊಮ್ಮೆ ಡೀಸೆಲ್ ಒಯ್ದು ಹಾಕಬೇಕು. ಬಹುಕಾಲ ಈ ಕೆಲಸ ಮಾಡಿದವನು ಅಣ್ಣ. ಕ್ಯಾನು ಎತ್ತಿ ಇಳಿಸಲು ತಂಗಿ ಜೊತೆಗಿರುತ್ತಿದ್ದಳು. ಕಳೆದ ಮಳೆಗಾಲದಲ್ಲಿ ಕೊನೆಯ ಏರಿನಲ್ಲಿ ಜೀಪು ಕೆಸರಿಗೆ ಹೂತುಕೊಂಡಿತು. ಅದನ್ನು ಎಳೆಯುತ್ತಿದ್ದ ವಿಂಚು ಎಂಬ ಯಂತ್ರದ ಉಕ್ಕಿನ ಹಗ್ಗ ತುಂಡಾಗಿ ಅಣ್ಣನ ಮೊಣಕಾಲಿಗೆ ಬಡಿಯಿತು. ಇನ್ನು ಅವನು ಕ್ಲಚ್ ಒತ್ತಲಾರ. ಕೆಲಸ ಈಗ ತಂಗಿಯದು.

ಬೇಸಿಗೆ ಹೇಗೋ ಕಳೆಯಿತು. ಒಣಗಿದ ದಾರಿಯಲ್ಲಿ ವಿಂಚಿನ ಅಗತ್ಯ ಬೀಳಲಿಲ್ಲ. ಈಗ ಮೋಡ ಕಟ್ಟತೊಡಗಿದೆ. ಗೋಪುರದ ಕಂಪನಿ ಹೊಸ ಟಯರು, ಹೊಸ ವಿಂಚು ಕೊಡಿಸಲು ಒಪ್ಪಿ, ಆರಿಸುವುದನ್ನು ಓಡಿಸುವವಳಿಗೇ ಬಿಟ್ಟಿದೆ.

ವಿಂಚೆಂದರೆ ಜೀಪಿನ ಮೂತಿಗೆ ಕೂರಿಸಿದ ಒಂದು ಮೋಟಾರು, ಒಂದು ಉರುಳೆ. ಉರುಳೆಗೆ ಸುತ್ತಿದ ಹಗ್ಗವನ್ನು ಬಿಚ್ಚಿ ಮುಂದಿರುವ ಮರಕ್ಕೆ ಕಟ್ಟಿ ಸ್ವಿಚ್ ಒತ್ತಿದರೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಆ ದಾರಿಯ ಒಂದು ಬದಿಗೆ ಕಂದಕವಿದೆ. ಅವಳಿಗೆ ಕಂದಕದ ಭಯವಿಲ್ಲ, ಹಗ್ಗದ ಭಯವಿದೆ. ತುಂಡಾಗುವ ಮೊದಲು ಉಕ್ಕಿನ ಹಗ್ಗ ಸಣ್ಣಗೆ ಕೊರಗುವ ಸದ್ದು ಮಾಡುತ್ತದೆ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿ ಗಾಳಿಗೆ ಗುಂಯ್‌ಗುಟ್ಟಿದರೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಆ ತಂತಿಯನ್ನು ಬಿಚ್ಚಿ ಎಸೆದಿದ್ದಾಳೆ. ಮನೆಯ ಬಟ್ಟೆಗಳು ಈಗ ಕುರ್ಚಿಗಳ ಬೆನ್ನ ಮೇಲೆ ಒಣಗುತ್ತವೆ.

ಇನ್ನೊಂದು ಭಯವೂ ಇತ್ತು, ಅಣ್ಣನಿಗೆ ನಿಜ ಹೇಳುವ ಭಯ. ವಿಂಚಿಗೆ ತಾಕತ್ತಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಅಣ್ಣ ಆಸ್ಪತ್ರೆಯಲ್ಲಿ ಹೇಳಿದ್ದ, ಕಂಪನಿಯವರಿಗೂ ಹೇಳಿದ್ದ, ನೋಡಲು ಬಂದವರಿಗೆಲ್ಲ ಹೇಳಿದ್ದ. ನಡೆದದ್ದನ್ನು ಅವಳು ಕಂಡಿದ್ದಳು. ಮರಕ್ಕೆ ಅಗಲವಾದ ಪಟ್ಟಿ ಸುತ್ತಿ, ಅದಕ್ಕೆ ಹಗ್ಗದ ಕೊಕ್ಕೆ ಹಾಕಬೇಕು. ಕೆಸರು ಮೆತ್ತಿದ ಪಟ್ಟಿಯನ್ನು ಬಿಚ್ಚಿ ಕಟ್ಟುವುದು ಬೇಸರದ ಕೆಲಸವೆಂದು ಆ ಗುಡ್ಡದಲ್ಲಿ ಗಾಡಿ ಓಡಿಸುವವರೆಲ್ಲ ಉಕ್ಕಿನ ಹಗ್ಗವನ್ನೇ ಮರಕ್ಕೆ ಸುತ್ತಿ, ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸುತ್ತಾರೆ. ಕೊಕ್ಕೆ ಕಚ್ಚಿದಲ್ಲಿ ಹಗ್ಗ ಮಡಚಿಕೊಂಡು ಬಾಗುತ್ತದೆ, ಒಳಗಿನ ಎಳೆಗಳು ಒಂದೊಂದೇ ಹೋಗುತ್ತವೆ. ಅಂದು ಅಣ್ಣ ಮಾಡಿದ್ದೂ ಅದನ್ನೇ. ಅವಳು ಇದುವರೆಗೆ ಬಾಯಿ ಬಿಟ್ಟಿರಲಿಲ್ಲ.

ಶಟರು ಪೂರ್ತಿ ಮೇಲೆ ಹೋಯಿತು. ಅಂಗಡಿಯವನು ದಪ್ಪ ಹೊಟ್ಟೆಯ, ಮಾತಿನ ಮನುಷ್ಯ. ಅಗಲವಾದ ಟಯರೊಂದನ್ನು ಉರುಳಿಸಿಕೊಂಡು ಬಂದ.

“ಇದನ್ನ ಹಾಕಿ ನೋಡಿ ಅಕ್ಕ, ಗಾಡಿ ಮುಖಾನೇ ಬದಲಾಗುತ್ತೆ.”

“ಮುಖ ನೋಡೋಕೆ ಗುಡ್ಡದ ಮೇಲೆ ಯಾರಿದ್ದಾರೆ?” ಎಂದಳು ಅವಳು. “ಇದಕ್ಕಿಂತ ಸಣ್ಣದು ತೋರಿಸಿ.”

“ಅಗಲ ಟಯರು ಕೆಸರಿನ ಮೇಲೆ ತೇಲುತ್ತೆ ಕಣಯ್ಯ,” ಅಣ್ಣ ದನಿಗೂಡಿಸಿದ. “ನಮಗೆ ತೇಲೋದು ಬೇಡ. ಕೆಸರು ಸೀಳಿಕೊಂಡು ಹೋಗಿ ಕೆಳಗಿನ ಕಲ್ಲು ಹಿಡೀಬೇಕು.”

“ಒದ್ದೆ ಟಾರು ರಸ್ತೇಲಿ ಬ್ರೇಕು ಸ್ವಲ್ಪ ತಡವಾಗಿ ಹಿಡಿಯುತ್ತೆ, ಆಮೇಲೆ ನನ್ನನ್ನ ಬೈಬೇಡಿ,” ಎನ್ನುತ್ತ ಅವನು ಸಪೂರವಾದ, ಗ್ರಿಪ್ಪು ಆಳವಾದ ಟಯರುಗಳನ್ನು ತಂದಿಟ್ಟ. ಅಣ್ಣ ತಂಗಿ ಇಬ್ಬರೂ ತಟ್ಟಿ ನೋಡಿ ಒಪ್ಪಿದರು.

ವಿಂಚಿನ ವಿಷಯದಲ್ಲಿ ಹಾಗಾಗಲಿಲ್ಲ. ಅಣ್ಣ ಊರುಗೋಲನ್ನು ಎತ್ತಿ ಮೂಲೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ತೋರಿಸಿದ.

“ಅದು.”

“ಯಜಮಾನ್ರೇ, ಅದು ಲಾರಿಗೆ ಹಾಕೋದು. ನಿಮ್ಮ ಡಬ್ಬಿಗೆ ಹಾಕಿದ್ರೆ ಮೂಗಿನ ಮೇಲೆ ನಿಂತ್ಕೊಳ್ಳುತ್ತೆ.”

“ನಿಂತ್ಕೊಳ್ಳಲಿ. ಸಣ್ಣದನ್ನ ನಂಬಿ ನನ್ನ ಗತಿ ಏನಾಯ್ತು ನೋಡು.”

ದೊಡ್ಡ ವಿಂಚು ಬಂದರೆ ಹಗ್ಗ ದಪ್ಪವಾಗುತ್ತದೆ, ಎಳೆತ ಹೆಚ್ಚುತ್ತದೆ. ಕೊಕ್ಕೆ ಹಾಕುವ ಪದ್ಧತಿ ಮಾತ್ರ ಅದೇ ಇರುತ್ತದೆ. ಈ ಸಲ ಜೀಪಿನ ಬಳಿ ಸ್ವಿಚ್ ಹಿಡಿದು ನಿಲ್ಲುವವಳು ಅವಳು.

“ನಡುವಿನ ಅಳತೇದು ನನ್ನ ಗಾಡೀಲೇ ಇದೆ, ಎಳೆದು ನೋಡಿ, ಆಮೇಲೆ ಮಾತಾಡಿ,” ಎಂದ ಅಂಗಡಿಯವನು. ಅಂಗಳದ ತುದಿಯಲ್ಲಿ ಅವನ ಹಳೆಯ ಜೀಪು ನಿಂತಿತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಉಕ್ಕಿನ ಹಗ್ಗವನ್ನು ಎಳೆದೊಯ್ದು ಗೇಟಿನ ಕಬ್ಬಿಣದ ಕಂಬಕ್ಕೆ ಒಂದು ಸುತ್ತು ಹಾಕಿ, ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸಿದ. ಬಂದು ಸ್ವಿಚ್ಚನ್ನು ಅವಳ ಕೈಗಿತ್ತ.

“ಒತ್ತಿ ಅಕ್ಕ.”

ಅವಳು ಒತ್ತಿದಳು. ಸಡಿಲ ಹಗ್ಗ ನೆಲದಿಂದೆದ್ದು ಗೆರೆಯಂತೆ ನೇರವಾಯಿತು. ಜೀಪು ಮುಂದಕ್ಕೆ ಬಾಗಿತು. ಸಣ್ಣಗೆ ಆ ಸದ್ದು ಶುರುವಾಯಿತು. ಆಗ ಅವಳಿಗೆ ಕಂಡದ್ದು ಅಣ್ಣ. ಕೊಕ್ಕೆಯನ್ನು ಹತ್ತಿರದಿಂದ ನೋಡಲೆಂದು ಅವನು ಕೋಲೂರಿಕೊಂಡು ಹೋಗಿ ಹಗ್ಗದ ಪಕ್ಕದಲ್ಲೇ ನಿಂತಿದ್ದ.

ಅವಳು ಸ್ವಿಚ್ಚಿನಿಂದ ಬೆರಳು ತೆಗೆದಳು. ಮೋಟಾರು ನಿಂತಿತು. ಹಗ್ಗ ಬಿಗಿಯಾಗಿಯೇ ಇತ್ತು.

“ಅಣ್ಣ, ಅಲ್ಲಿಂದ ಬಾ.”

“ಯಾಕೆ? ಎಳೀತಾ ಇತ್ತಲ್ಲ.”

“ಬಾ ಅಂದ್ನಲ್ಲ.”

ಅವಳ ದನಿ ಕೇಳಿ ಅಂಗಡಿಯವನ ಮುಖದ ನಗು ಅರ್ಧಕ್ಕೇ ನಿಂತಿತು. ಅಣ್ಣ ಗೊಣಗುತ್ತ ಈಚೆ ಬಂದ. ಅವನು ತನ್ನ ಪಕ್ಕಕ್ಕೆ ಬರುವವರೆಗೂ ಅವಳು ಸ್ವಿಚ್ಚು ಮುಟ್ಟಲಿಲ್ಲ. ಆಮೇಲೆ ಮೋಟಾರನ್ನು ಹಿಂದಕ್ಕೆ ತಿರುಗಿಸಿ ಹಗ್ಗ ಸಡಿಲಿಸಿದಳು.

“ಅವತ್ತೂ ನೀನು ಹೀಗೇ ಹಾಕಿದ್ದೆ,” ಎಂದಳು.

“ಏನನ್ನ?”

“ಕೊಕ್ಕೇನ. ಹಗ್ಗಕ್ಕೇ ಹಾಕಿದ್ದೆ. ವಿಂಚಿಗೆ ತಾಕತ್ತಿತ್ತಣ್ಣ. ಹಗ್ಗ ಹೋಗಿದ್ದು ಕೊಕ್ಕೆ ಕಚ್ಚಿದ ಕಡೆ.”

ಅಣ್ಣ ಕಂಬದ ಬಳಿಗೆ ಹೋಗಿ, ಕೊಕ್ಕೆ ಬಿಡಿಸಿ, ಅದು ಕೂತಿದ್ದ ಜಾಗವನ್ನು ಬೆರಳಿಂದ ಸವರಿದ. ಹಗ್ಗ ಅಲ್ಲಿ ಬಾಗಿತ್ತು. ಹಿಂದೆಂದೋ ತುಂಡಾದ ಎಳೆಯೊಂದು ಮುಳ್ಳಿನಂತೆ ಎದ್ದಿತ್ತು. ಬೆರಳಿಗೆ ಚುಚ್ಚಿದ್ದನ್ನು ಪ್ಯಾಂಟಿಗೆ ಒರೆಸಿಕೊಂಡ.

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಆಸ್ಪತ್ರೇಲಿ ಮಲಗಿದ್ದೋನಿಗೆ ಹೇಳೋ ಮಾತಾ ಅದು?”

“ಎದ್ದ ಮೇಲೆ?”

“ಎದ್ದ ಮೇಲೆ ನಿನ್ನ ಕೈಗೆ ಕೋಲು ಬಂತಲ್ಲ.”

ಅಂಗಡಿಯವನು ನಕ್ಕ. ಅಣ್ಣ ನಗಲಿಲ್ಲ. ಆ ಹಗ್ಗವನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿ ಕೆಳಗೆ ಬಿಟ್ಟ. ಆಮೇಲೆ ಅಂಗಡಿಯವನತ್ತ ತಿರುಗಿ, “ಮರಕ್ಕೆ ಸುತ್ತೋ ಅಗಲ ಪಟ್ಟಿ ಇಟ್ಟಿದ್ದೀಯೇನಯ್ಯ?” ಎಂದು ಕೇಳಿದ.

ಕೊನೆಗೆ ನಡುವಿನ ಅಳತೆಯದೇ ಆಯಿತು. ಹಗ್ಗ ಉಕ್ಕಿನದು ಬೇಡ, ನೂಲಿನ ಹಾಗೆ ಹೆಣೆದ ಹೊಸ ತರಹದ್ದು ಬೇಕು ಎಂದಳು ಅವಳು. ಕಲ್ಲಿಗೆ ಉಜ್ಜಿದರೆ ಅದು ದಾರದಂತೆ ಹರಿಯುತ್ತದೆ ಎಂದು ಅಣ್ಣ ತಕರಾರು ತೆಗೆದ.

“ಹರಿದ್ರೂ ಉಕ್ಕಿನಷ್ಟು ಜೋರಾಗಿ ತಿರುಗಿ ಬರಲ್ಲ,” ಎಂದ ಅಂಗಡಿಯವನು. “ಹಾಗಂತ ಅದರ ಪಕ್ಕದಲ್ಲಿ ನಿಂತು ಹರಟೆ ಹೊಡೀಬೇಡಿ. ಅದಕ್ಕೂ ಕರುಣೆ ಇಲ್ಲ.”

ಜೋಡಿಸಿ ಮುಗಿಸುವಾಗ ಮಧ್ಯಾಹ್ನವಾಗಿತ್ತು. ಮನೆಯ ದಾರಿಯಲ್ಲಿ ಹೊಸ ಟಯರುಗಳು ಟಾರಿನ ಮೇಲೆ ಗುರ್‌ಗುಟ್ಟುತ್ತಿದ್ದವು. ಹೇಳಬೇಕಾದದ್ದನ್ನು ಹೇಳಿದ ಮೇಲೆ ಭಯ ಕಡಿಮೆಯಾಗುತ್ತದೆ ಎಂದುಕೊಂಡಿದ್ದಳು. ಆಗಿರಲಿಲ್ಲ. ತಪ್ಪು ಎಲ್ಲಾಯಿತೆಂದು ಈಗ ಇಬ್ಬರಿಗೂ ಗೊತ್ತು. ಮುಂದೆ ಹಗ್ಗ ಹೋದರೆ ಸಣ್ಣ ವಿಂಚನ್ನು ದೂರುವಂತಿಲ್ಲ.

“ಗುರುವಾರ ಮಳೆಯಂತೆ,” ಎಂದ ಅಣ್ಣ.

“ಗೊತ್ತು.”

“ನಾನೂ ಬರ್ತೀನಿ.”

“ಬಂದು?”

“ದೂರದಲ್ಲಿ ನಿಂತ್ಕೋತೀನಿ.”

“ಎಷ್ಟು ದೂರ?”

“ನೀನು ಹೇಳಿದಷ್ಟು.”

ಗುರುವಾರ ಬೆಳಗ್ಗೆ ಡೀಸೆಲ್ ಕ್ಯಾನುಗಳನ್ನು ಹೇರಿಕೊಂಡು ಜೀಪು ಗುಡ್ಡ ಹತ್ತುತ್ತದೆ. ಕೊನೆಯ ಏರಿನಲ್ಲಿ ಅವಳು ವಿಂಚಿನ ಸ್ವಿಚ್ ಹಿಡಿಯುವುದು ಅದೇ ಮೊದಲು.